ಗೇಣುದ್ದ ಬೆಳೆಯಬೇಕೆಂದು ಸೌದೆ ಸೀಳುವ ಯಂತ್ರಕ್ಕೆ ಸವಿನಯ ಅಹವಾಲು

ಮಾನ್ಯ ಸೌದೆ ಸೀಳುವ ಯಂತ್ರ ಮಹಾಶಯರೇ,

ನಮ್ಮ ಹಿತ್ತಲಿನ ತಗಡಿನ ಮಾಡಿನಡಿ ಟಾರ್ಪಾಲು ಹೊದ್ದು, ಎರಡು ಚಕ್ರಗಳ ಮೇಲೆ ಸುಖಾಸೀನರಾಗಿರುವ ತಮಗೆ, ಪಕ್ಕದಲ್ಲೇ ಮರದ ಕೊರಡಿನ ಮೇಲೆ ಕುಳಿತಿರುವ ನನ್ನ ಅನಂತ ನಮಸ್ಕಾರಗಳು. ತಮ್ಮ ಎಣ್ಣೆಯ ಮಟ್ಟ ಕುಶಲವೆಂದೂ, ಬೋಲ್ಟುಗಳು ಬಿಗಿಯಾಗಿವೆಯೆಂದೂ, ಇಬ್ಬನಿಗೆ ನೆಗಡಿಯೇನೂ ಆಗಿಲ್ಲವೆಂದೂ ನಂಬಿದ್ದೇನೆ. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ತಮ್ಮ ಮುಂದೆ ನಿಂತು ನಾನು ಆಡಿದ ಮಾತುಗಳು ಯಾವ ಪತ್ರಿಕೆಯೂ ಅಚ್ಚು ಹಾಕುವಂಥವಲ್ಲ.

ಮೊದಲಿಗೆ ನನ್ನ ಪರಿಚಯ. ಕಚೇರಿಯೊಂದರ ಗೇಟಿನ ಪಕ್ಕ ಮಡಚುವ ಮೇಜು ಹಾಕಿಕೊಂಡು, ಬಂದವರ ಗೋಳನ್ನೆಲ್ಲ ಕೇಳಿ, 'ತಮ್ಮಲ್ಲಿ ಸವಿನಯವಾಗಿ ಬೇಡಿಕೊಳ್ಳುವುದೇನೆಂದರೆ' ಎಂದು ಶುರುಮಾಡಿ ಅರ್ಜಿ ಬರೆದುಕೊಡುತ್ತಿದ್ದವನು ನಾನು. ಜನ ಗೋಳನ್ನು ಮೊಬೈಲಿನಲ್ಲೇ ಒತ್ತಿ ಕಳಿಸುವುದನ್ನು ಕಲಿತ ಮೇಲೆ ನನ್ನ ಮೇಜಿನ ಮುಂದೆ ನೊಣವೂ ಕೂರದಂತಾಗಿ, ಮನೆಯಲ್ಲಿ ಸೌದೆ ವ್ಯಾಪಾರದ ಮಾತು ಎದ್ದಿತು. ಎತ್ತಿದವಳು ನಮ್ಮಾಕೆ. ಎರಡು ಬೀದಿ ಆಚೆಗಿನ ಬೇಕರಿಗೆ ಸೌದೆ ಕೊಡುತ್ತಿದ್ದವರು ಕೈಯೆತ್ತಿದ್ದಾರೆಂಬ ಸುದ್ದಿ ತಂದವಳೂ ಆಕೆಯೇ, ಬೇಕರಿಯ ಯಜಮಾನಿಯ ಮುಂದೆ ನಿಂತು, ತಿಂಗಳು ಹುಟ್ಟುವುದರೊಳಗೆ ಒಂದು ಗಾಡಿ ಸೀಳಿದ ಸೌದೆ ತಂದಿಳಿಸುತ್ತೇವೆ, ಸರಿಯಿದ್ದರೆ ವರ್ಷಪೂರ್ತಿ ನಮ್ಮಲ್ಲೇ ಕೊಳ್ಳಿ ಎಂದು ಮಾತು ಕೊಟ್ಟು ಬಂದವಳೂ ಆಕೆಯೇ. ಆ ಗಾಡಿ ಹೋಗದಿದ್ದರೆ ಬೇಕರಿಯವರು ಗ್ಯಾಸಿನ ಒಲೆ ಹಾಕಿಸುವವರಿದ್ದರು. ನಮ್ಮಾಕೆ ಆ ಬೀದಿಯಲ್ಲಿ ಮತ್ತೆ ತಲೆಯೆತ್ತಿ ನಡೆಯುವಂತಿರಲಿಲ್ಲ.

ಕೈಯಲ್ಲಿದ್ದ ಹಣ ಅಷ್ಟಕ್ಕಷ್ಟೆ. ಅದರಲ್ಲಿ ಯಾವ ಸಲಕರಣೆ ಮೊದಲು, ಯಾವುದು ಆಮೇಲೆ ಎಂದು ಅಡುಗೆಮನೆಯಲ್ಲೇ ಸಭೆ ಸೇರಿತು. ಎರಡು ಒಳ್ಳೆ ಕೊಡಲಿ, ಕಬ್ಬಿಣದ ಬೆಣೆಗಳು, ಒಂದು ಭಾರದ ಸುತ್ತಿಗೆ, ಒಂದು ತಳ್ಳುಗಾಡಿ, ಉಳಿದದ್ದರಲ್ಲಿ ಸೌದೆ ಒಣಗಲು ತಗಡಿನ ಮಾಡು, ಇಷ್ಟು ಸಾಕು, ಯಂತ್ರ ಬೇಕಾದರೆ ವ್ಯಾಪಾರ ಕುದುರಿದ ಮೇಲೆ ನೋಡೋಣ ಎಂದು ನಮ್ಮಾಕೆ ಹೇಳಿದಳು. ಅವಳ ತಮ್ಮ, ಅಂದರೆ ನನ್ನ ಭಾವಮೈದುನ, ಅಕ್ಕ ಹೇಳಿದ್ದೇ ಸರಿ ಎಂದು ತಲೆಯಾಡಿಸಿದ. ನಾನು ಮಾತ್ರ ನನ್ನ ಅಂಗೈಗಳನ್ನು ನೋಡಿಕೊಂಡೆ. ಜೀವಮಾನವಿಡೀ ಪೆನ್ನಿಗಿಂತ ಭಾರದ ವಸ್ತುವನ್ನು ಎತ್ತಿರದ ಅವು, ಕೊಡಲಿಯ ಹೆಸರು ಕೇಳಿದಷ್ಟಕ್ಕೇ ಬೊಬ್ಬೆ ಬರಿಸಿಕೊಳ್ಳಲು ಸಿದ್ಧವಾಗಿದ್ದವು. ಹೀಗಾಗಿ ಯಂತ್ರಯುಗ, ಕಾಲದ ಜೊತೆ ಹೆಜ್ಜೆ, ದೂರದೃಷ್ಟಿ ಮುಂತಾದ ಪದಗಳನ್ನು ಬಳಸಿ ನಾನೊಂದು ಭಾಷಣ ಬಿಗಿದೆ. ಅರ್ಜಿ ಬರೆದ ಬಾಯಿಯಲ್ಲವೇ, ಮನೆಯವರು ಸುಸ್ತಾಗಿ ಒಪ್ಪಿದರು.

ತಮ್ಮನ್ನು ಮೊದಲ ಸಲ ಕಂಡದ್ದು ಹಳೆಯ ಯಂತ್ರಗಳ ಅಂಗಡಿಯಲ್ಲಿ, ಕೈಕಾಲು ಕಳೆದುಕೊಂಡ ಪಂಪುಗಳ ನಡುವೆ. ಹೊಸದಾಗಿ ಕೆಂಪು ಬಣ್ಣ ಬಳಿಸಿಕೊಂಡು ಮದುಮಗನ ಹಾಗೆ ಮಿಂಚುತ್ತಿದ್ದಿರಿ. ಅಂಗಡಿಯವನು ತಮ್ಮ ಬೆನ್ನು ತಟ್ಟಿ, "ಆನೆ ಸಾರ್ ಇದು, ಆನೆ! ಏನ್ ಕೊಟ್ರೂ ಸೀಳುತ್ತೆ" ಎಂದ. ಎಂಜಿನ್ನಿನ ಶಕ್ತಿಯೆಷ್ಟು, ಚಕ್ರದ ಗಾಳಿ ಎಷ್ಟು ದಿನ ನಿಲ್ಲುತ್ತದೆ, ಇದೇ ಬಣ್ಣ ಯಾಕೆ ಎಂದೆಲ್ಲ ನಾನು ಕೇಳಿದೆ. ತಮ್ಮ ಮಡಿಲಿನ ಉದ್ದವೆಷ್ಟು, ಎಂಥ ದಿಮ್ಮಿಯನ್ನು ತಾವು ಮಲಗಿಸಿಕೊಳ್ಳಬಲ್ಲಿರಿ ಎಂದು ಮಾತ್ರ ಕೇಳಲಿಲ್ಲ. ಒಬ್ಬ ಗಣ್ಯರನ್ನು ಮೊದಲ ಭೇಟಿಯಲ್ಲೇ ಅಂಥದನ್ನೆಲ್ಲ ಕೇಳುವುದು ಅಸಭ್ಯತೆಯಾಗುತ್ತಿತ್ತು.

ಇಲ್ಲಿ ಒಂದು ಹಗ್ಗದ ವಿಷಯ ಅರಿಕೆ ಮಾಡಿಕೊಳ್ಳಬೇಕು. ಬೇಕರಿಯ ಒಲೆಗೆ ಸೌದೆ ಉದ್ದವೇ ಬೇಕು, ಹಿಂದಿನ ಗೋಡೆಯವರೆಗೆ ತಲುಪಬೇಕು ಎಂದು ಒಲೆ ನೋಡಿಕೊಳ್ಳುವವರು ಹೇಳಿದ್ದರಿಂದ, ಭಾವಮೈದುನ ಹಗ್ಗವೊಂದನ್ನು ಒಲೆಯೊಳಗೆ ಬಿಟ್ಟು ಅಳೆದು ಗಂಟು ಹಾಕಿ ತಂದಿದ್ದ. ಆ ಗಂಟಿನ ಅಳತೆಗೇ ಬಾಡಿಗೆ ಗರಗಸದಿಂದ ರಾಶಿ ದಿಮ್ಮಿಗಳನ್ನೆಲ್ಲ ಕೊಯ್ದು ಹಿತ್ತಲಲ್ಲಿ ಒಟ್ಟಿಯಾಗಿತ್ತು. ತಮ್ಮನ್ನು ಕೊಳ್ಳಲು ಹೋದಾಗ ಅದೇ ಹಗ್ಗ ಅವನ ಹೆಗಲ ಮೇಲಿತ್ತು. ತಮ್ಮನ್ನು ಬಾಡಿಗೆ ಗಾಡಿಗೆ ಬಿಗಿದು ಕಟ್ಟಿದ್ದೂ ಅದೇ ಹಗ್ಗದಿಂದ. ತಮ್ಮ ಹೊಟ್ಟೆಗೆ ಎರಡು ಸುತ್ತು, ಕತ್ತಿಗೊಂದು ಸುತ್ತು ಬಂದು ನಾಜೂಕಾಗಿ ಗಂಟಾದ ಆ ಅಳತೆ, ದಾರಿಯುದ್ದಕ್ಕೂ ತಮ್ಮ ಮೈಮೇಲೇ ಸವಾರಿ ಮಾಡಿತು. ಅದನ್ನು ಒಂದೇ ಒಂದು ಸಲ ತಮ್ಮ ಮಡಿಲಿನುದ್ದಕ್ಕೆ ಇಟ್ಟು ನೋಡುವ ಬುದ್ಧಿ ಇಬ್ಬರು ಗಂಡಸರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಅಕ್ಕಪಕ್ಕದವರೆಲ್ಲ ಕಣ್ಣು ಬಾಯಿ ಬಿಟ್ಟು ನೋಡುತ್ತಿರುವಾಗ ಮೊದಲ ದಿಮ್ಮಿಯನ್ನು ತಮ್ಮ ಮಡಿಲಿಗಿಳಿಸಿದೆವು. ಅದು ಇಳಿಯಲಿಲ್ಲ. ಒಂದು ಕಡೆ ಅಲಗು, ಇನ್ನೊಂದು ಕಡೆ ತಳ್ಳುವ ದಂಡ, ನಡುವೆ ಇರಬೇಕಾದ ಜಾಗ ಒಂದು ಗೇಣು ಕಡಿಮೆ. ದಿಮ್ಮಿಯನ್ನು ತಿರುಗಿಸಿದೆವು, ಓರೆ ಮಾಡಿದೆವು, ನಿಲ್ಲಿಸಲು ನೋಡಿದೆವು. ತಾವು ಜಪ್ಪಯ್ಯ ಎನ್ನಲಿಲ್ಲ. "ಅಕ್ಕಾ, ಇದು ನಮ್ ಮರಕ್ಕಲ್ಲ" ಎಂದು ಭಾವಮೈದುನ ಮೆಲ್ಲಗೆ ಉಸುರಿದ. ನಮ್ಮಾಕೆ ಬಯ್ಯಲಿಲ್ಲ. ಬಯ್ದಿದ್ದರೆ ನಾನು ವಾದಿಸಬಹುದಿತ್ತು. ಆಕೆ ಸುಮ್ಮನೆ ರಾಶಿಯನ್ನೊಮ್ಮೆ, ತಮ್ಮನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಆ ನೋಟಕ್ಕೆ ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಹಾಗೆಂದು ತಮ್ಮ ಗುಣಗಾನ ಮಾಡದಿದ್ದರೆ ಕೃತಘ್ನನಾದೇನು. ಕೊನೆಗೆ ನಾಲ್ಕು ದಿಮ್ಮಿಗಳ ತುದಿ ಕೊಯ್ದು ತಮಗೆ ನೈವೇದ್ಯವಾಗಿ ಕೊಟ್ಟೆವಲ್ಲ, ಆಗ ತಾವು ತೋರಿದ ಗಾಂಭೀರ್ಯವೇನು! ಎಂಜಿನ್ನಿನ ದಾರವನ್ನು ನನ್ನ ರಟ್ಟೆ ಕಳಚುವವರೆಗೆ ಎಳೆಸಿಕೊಂಡು, ನಾನು ಬೆವರಿ ಕುಸಿದ ಮೇಲೆ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬೆರಳಲ್ಲಿ ಮುಟ್ಟಿದ ಕೂಡಲೇ ಗುಡುಗಿ ಎದ್ದಿರಿ. ಗಂಟಿಲ್ಲದ, ಒಣಗಿದ, ಕೊಡಲಿ ತೋರಿಸಿದರೇ ಬಿರಿಯುವಂಥ ಸೌದೆಯನ್ನು ಹೂವಿನಂತೆ ಸೀಳಿದಿರಿ. ಗಂಟಿರುವುದು ಸಿಕ್ಕಾಗ, ಅದರ ಮನಸ್ಸು ನೋಯಿಸಬಾರದೆಂದು ನಿಂತೇಬಿಟ್ಟಿರಿ. ಪೆಟ್ರೋಲನ್ನಂತೂ ಹಬೆಯಾಡುವ ಚಹಾದ ಹಾಗೆ ಗುಟುಕು ಗುಟುಕಾಗಿ ಸವಿಯದೆ ಒಂದೇ ಏಟಿಗೆ ಕುಡಿದು ಮುಗಿಸುವ ತಮ್ಮ ರಾಜಠೀವಿಗೆ ನಾನು ಸಾಷ್ಟಾಂಗ ಬಿದ್ದಿದ್ದೇನೆ. ಒಲೆ ನೋಡಿಕೊಳ್ಳುವವರು ಭಾವಮೈದುನ ಒಯ್ದು ತೋರಿಸಿದ ಆ ಮೋಟು ತುಂಡುಗಳನ್ನು ಕೈಯಲ್ಲಿ ತಿರುಗಿಸಿ, ಇವು ಒಲೆಯ ಬಾಯಲ್ಲೇ ಉರಿದುಹೋಗುತ್ತವೆ, ಹಿಂದೆ ಇರುವ ರೊಟ್ಟಿ ಹಸಿಯಾಗೇ ಉಳಿಯುತ್ತದೆ ಎಂದು ಹಿಂದಿರುಗಿಸಿದರು.

ಆದ್ದರಿಂದ ತಮ್ಮಲ್ಲಿ ಸವಿನಯವಾಗಿ ಬೇಡಿಕೊಳ್ಳುವುದೇನೆಂದರೆ, ತಾವು ದಯಮಾಡಿ ಒಂದು ಗೇಣು ಬೆಳೆಯಬೇಕು. ತಮ್ಮ ವಯಸ್ಸಿಗೆ ಅದು ಕಷ್ಟವೆಂದಾದರೆ, ಬೇಕರಿಯ ಒಲೆಯ ಹಿಂದಿನ ಗೋಡೆಗೆ ತಾವೇ ಒಂದು ಮಾತು ಹೇಳಿ ಅದನ್ನು ಗೇಣು ಮುಂದೆ ಬರುವಂತೆ ಒಪ್ಪಿಸಬೇಕು. ಯಂತ್ರದ ಮಾತನ್ನು ಗೋಡೆ ಕೇಳೀತು, ನನ್ನ ಮಾತನ್ನು ಮನೆಯಲ್ಲೇ ಯಾರೂ ಕೇಳುತ್ತಿಲ್ಲ. ಅದೂ ಆಗದಿದ್ದರೆ, ಮರಗಳು ಇನ್ನು ಮುಂದೆ ತಮ್ಮ ಮಡಿಲಿನ ಅಳತೆಗೆ ಗೆರೆ ಎಳೆದುಕೊಂಡೇ ಬೆಳೆಯುವಂತೆ ಸಂಬಂಧಪಟ್ಟ ಕಾಡುಗಳಿಗೆ ಸುತ್ತೋಲೆ ಹೊರಡಿಸಬೇಕು. ಅರ್ಜಿಯನ್ನು ನಾನು ಪುಕ್ಕಟೆಯಾಗಿ ಬರೆದುಕೊಡುತ್ತೇನೆ.

ತಾವು ಈ ಬೇಡಿಕೆಗಳನ್ನು ಪರಿಶೀಲಿಸುತ್ತಿರುವ ನಡುವೆ ಮನೆಯಲ್ಲಿ ನಡೆದದ್ದನ್ನೂ ತಿಳಿಸಿಬಿಡುತ್ತೇನೆ. ನಮ್ಮಾಕೆ ತನ್ನ ತಮ್ಮನನ್ನು ಕರೆದುಕೊಂಡು ಹೋಗಿ, ಪರಿಚಯದ ಕಮ್ಮಾರರ ಮನೆಯಿಂದ ಹಳೆಯ ಕೊಡಲಿಯೊಂದನ್ನೂ ನಾಲ್ಕು ಬೆಣೆಗಳನ್ನೂ ಕೇಳಿ ತಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ದಿಮ್ಮಿಯ ಬಿರುಕು ನೋಡಿ ಬೆಣೆ ಇಟ್ಟು ಹೊಡೆದಳು. ಮೊದಲ ದಿನ ಪೆಟ್ಟುಗಳು ಅತ್ತಿತ್ತ ಬಿದ್ದವು. ಆಮೇಲೆ ಬೀಳಬೇಕಾದಲ್ಲೇ ಬಿದ್ದವು. ಅವಳ ಅಂಗೈಯಲ್ಲೆದ್ದ ಬೊಬ್ಬೆಗಳಿಗೆ ನಾನೇ ಎಣ್ಣೆ ಹಚ್ಚಿದೆ. ಸೀಳಿದ್ದನ್ನು ಹೊತ್ತು ಒಟ್ಟುವ ಕೆಲಸ ನನ್ನ ಪಾಲಿಗೆ ಬಂತು. ತಿಂಗಳು ಹುಟ್ಟುವ ಮುಂಚಿನ ದಿನ ಗಾಡಿ ಬೇಕರಿಗೆ ಹೋಯಿತು. ಬಂದ ಹಣದಲ್ಲಿ ತಗಡಿನ ಮಾಡೂ ಎದ್ದಿತು.

ನಿನ್ನೆ ಒಲೆ ನೋಡಿಕೊಳ್ಳುವವರು, ಮುಂದಿನ ಗಾಡಿಯ ಸೌದೆ ಒಣಗಿದೆಯೇ ಎಂದು ನೋಡಲು ಹಿತ್ತಲಿಗೇ ಬಂದರು. ವರ್ಷಪೂರ್ತಿ ನಿಮ್ಮಲ್ಲೇ ಕೊಳ್ಳಬೇಕೆಂದು ಯಜಮಾನಿ ಹೇಳಿದ್ದಾರೆ ಎಂದು ನಮ್ಮಾಕೆಗೆ ತಿಳಿಸಿ, ತಲೆಯ ಮೇಲೆ ಹೊರೆ ಹೊತ್ತು ನಿಂತಿದ್ದ ನನ್ನತ್ತ ತಿರುಗಿ, "ಅಕ್ಕಾ, ಇವ್ರು ಯಾರು?" ಎಂದರು. ನಮ್ಮಾಕೆ ಕೊಡಲಿಯಿಂದ ಕಣ್ಣೆತ್ತದೆ, "ಇವ್ರಾ? ಹೊಸಬ್ರು. ಒಟ್ಟೋಕ್ ಇಟ್ಕೊಂಡಿದೀನಿ, ಇನ್ನೂ ಕಲೀಬೇಕು" ಎಂದಳು. ನಾನು ಹೊರೆ ಇಳಿಸಿ ನಮಸ್ಕಾರ ಮಾಡಿದೆ.

ತಮ್ಮ ಗೇಣುದ್ದದ ಬೆಳವಣಿಗೆಯನ್ನು ಇದಿರು ನೋಡುತ್ತಿರುವ,
ತಮ್ಮ ವಿಶ್ವಾಸಿ,
ಒಟ್ಟಲು ಇಟ್ಟುಕೊಂಡವನು

ತಾ.ಕ.: ಮಳೆ ಶುರುವಾಗುವ ಮೊದಲು ಸೌದೆ ಒಣಗಿಸಲು ಮಾಡಿನಡಿ ಜಾಗ ಬೇಕೆಂದೂ, ಕೆಲಸಕ್ಕೆ ಬಾರದ್ದೆಲ್ಲ ಅಲ್ಲಿಂದ ತೆರವಾಗಬೇಕೆಂದೂ ನಮ್ಮಾಕೆಯ ಆಜ್ಞೆಯಾಗಿದೆ. ಇಂದು ಬೆಳಿಗ್ಗೆ ಗುಜರಿಯವನು ಬಂದಾಗ ನಾವಿಬ್ಬರೂ ಪಕ್ಕಪಕ್ಕದಲ್ಲೇ ಇದ್ದೆವು. ಆತ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ತಮಗೊಂದು ಬೆಲೆ ಹೇಳಿ ಹೋದ.