ತೆಗೆದುಹಾಕಿದ ಮೇಲೂ ‘ನಮ್ಮ ಕಂಪನಿ’

ಕೆಲಸದಿಂದ ತೆಗೆದುಹಾಕಿದ ಮೇಲೂ ಅದನ್ನು ‘ನಮ್ಮ ಕಂಪನಿ’ ಎನ್ನುವವರು ಲೋಕದಲ್ಲಿ ಎಷ್ಟು ಜನರಿದ್ದಾರೋ ತಿಳಿಯದು. ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಂತೂ ಒಬ್ಬನಿದ್ದಾನೆ, ಅದು ನಾನು. ಟವೆಲ್ ಕಾರ್ಖಾನೆಯಲ್ಲಿ ನಾನು ಜಾಬರ್ ಆಗಿದ್ದೆ. ಅಂದರೆ ಮಗ್ಗ ಮುನಿಸಿಕೊಂಡರೆ ಸಮಾಧಾನ ಮಾಡುವವನು. ಮೀಸೆ ಚಿಗುರುವಾಗ ಸೇರಿದವನು, ಅದು ನರೆತ ಮೇಲೆ ಹೊರಬಿದ್ದೆ. ಒಮ್ಮೆ ಹೆಂಡತಿಯ ತವರಿನವರು ಬೇರೆ ಕಂಪನಿಯ ಟವೆಲ್ ತಂದುಕೊಟ್ಟಾಗ ಅದರಿಂದ ಮೈ ಒರೆಸಿಕೊಳ್ಳಲು ಮನಸ್ಸಾಗದೆ ಬಚ್ಚಲಲ್ಲಿ ಒದ್ದೆಯಾಗಿಯೇ ನಿಂತಿದ್ದೆ. “ನಿಮ್ಮ ನಿಷ್ಠಾ ಟವೆಲ್ಲಿಗೇನ್ ತಿಳೀತದರಿ?” ಎಂದು ಆಕೆ ಕೇಳಿದ್ದಕ್ಕೆ ಸಿಟ್ಟೂ ಬಂದಿತ್ತು.

ಇತ್ತೀಚೆಗೆ ಮಾಲು ಹೋಗುತ್ತಿಲ್ಲವೆಂದು ಕಂಪನಿ ನಮ್ಮಲ್ಲಿ ಬಹಳ ಜನರನ್ನು ಮನೆಗೆ ಕಳಿಸಿತು. ಕೆಲಸ ಹೋದವರೆಲ್ಲ ಗೇಟಿನ ಮುಂದೆ ತಾಡಪತ್ರಿ ಹಾಸಿ ಧರಣಿ ಕುಳಿತರು. ನಾನೊಬ್ಬ ಮೊಣಕಾಲು ನೋವೆಂದು ಹೋಗಲಿಲ್ಲ. ನೋವು ನಿಜವೇ, ಕೂರಲಾಗದಷ್ಟೇನೂ ಅಲ್ಲ.

ಒಂದು ಮುಂಜಾನೆ ಮ್ಯಾನೇಜರರ ಫೋನು. ದೊಡ್ಡ ಮಗ್ಗ ನಿಂತಿದೆ, ಅದರ ರೋಗ ನಿಮಗಲ್ಲದೆ ಯಾರಿಗೂ ತಿಳಿಯದು, ಸ್ವಲ್ಪ ಬಂದು ಹೋಗಿ ಎಂದು ಮರಾಠಿಯಲ್ಲಿ ಗೋಗರೆದರು. ನನ್ನ ಮೊಣಕಾಲು ತಕ್ಷಣ ಗುಣವಾಯಿತು.

“ತೆಗದ್ ಹಾಕ್ಯಾರ ನಿಮ್ಮನ್ನ. ನೆನಪದ ಇಲ್ಲರಿ?” ಎಂದಳು ಹೆಂಡತಿ.

“ಮಗ್ಗ ಏನ್ ಮಾಡ್ಯದ ಪಾಪ?” ಎಂದು ಚಪ್ಪಲಿ ಮೆಟ್ಟಿದೆ.

ಗೇಟಿನಲ್ಲಿ ನನ್ನನ್ನು ಕಂಡದ್ದೇ ಮಲ್ಲಿನಾಥ ಎದ್ದು ನಿಂತ. ನಾಗಣಸೂರಿನವನು, ಇಷ್ಟು ವರ್ಷ ನನ್ನ ಜೊತೆಗೇ ದುಡಿದವನು. “ಅಣ್ಣಾರು ಬಂದಾರ ನೋಡ್ರಿ! ನಮ್ಮ ಸಲುವಾಗಿ ಸಾಹೇಬರ ಕೂಡ ಮಾತಾಡಾಕ ಹೊಂಟಾರ!” ಎಂದು ಕೂಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಲ್ಲಪ್ಪ, ವಿಷಯ ಬೇರೆ ಇದೆ ಅನ್ನಬೇಕಿತ್ತು. ಆದರೆ ನನಗಾಗಿ ಜನ ಚಪ್ಪಾಳೆ ತಟ್ಟಿದ್ದು ಜನ್ಮದಲ್ಲಿ ಅದೇ ಮೊದಲು. ಪುಢಾರಿಯ ಗತ್ತಿನಲ್ಲಿ ಕೈಯೆತ್ತಿ ಒಳಗೆ ಹೋದೆ.

ಮಗ್ಗ ಸರಿಹೋಯಿತು. ಮ್ಯಾನೇಜರರು ಬೆನ್ನು ತಟ್ಟಿ ಚಹಾ, ಬಿಸ್ಕೀಟು ತರಿಸಿದರು. ಹೊರಗೆ ಕುಳಿತವರ ಮಾತು ಗಂಟಲಿನವರೆಗೆ ಬಂದಿತ್ತು. ಬಿಸ್ಕೀಟಿನ ಜೊತೆ ಅದೂ ಕೆಳಗಿಳಿಯಿತು.

ಹೊರಬಂದಾಗ ಎಲ್ಲರೂ ಸುತ್ತುವರಿದರು.

“ಏನಂದ್ರರಿ ಸಾಹೇಬ್ರು?” ಎಂದ ಮಲ್ಲಿನಾಥ.

“ಚಾ ಕೊಟ್ರು” ಎಂದೆ.

ಅವನು ನನ್ನ ಕೈ ನೋಡಿದ. ಮೊಣಕೈತನಕ ಗ್ರೀಸು. ಅಷ್ಟರಲ್ಲಿ ಒಳಗಿಂದ ದೊಡ್ಡ ಮಗ್ಗದ ಸದ್ದು ಶುರುವಾಯಿತು. ಅಲ್ಲಿದ್ದವರಿಗೆ ಯಾವ ಸದ್ದು ಯಾವ ಮಗ್ಗದ್ದೆಂದು ಹೇಳಿಕೊಡಬೇಕಾಗಿರಲಿಲ್ಲ. ಯಾರಾದರೂ ಬೈದಿದ್ದರೆ ನಾನೂ ತಿರುಗಿ ಬೈದು ಮನೆಗೆ ಹೋಗುತ್ತಿದ್ದೆ. ಮಲ್ಲಿನಾಥ ಪಕ್ಕಕ್ಕೆ ಸರಿದು ಜಾಗ ಮಾಡಿದ. “ಕುಂದರ್ರಿ. ಬಿಸಲಾಗ ಯಾಕ ನಿಂತೀರಿ?”

ಕುಳಿತೆ. ಮುಖವೆತ್ತಲಾಗಲಿಲ್ಲ. ಇನ್ನು ಮೇಲೆ ದಿನವೂ ಬರುತ್ತೇನೆಂದು ಮನಸ್ಸಿನಲ್ಲೇ ಆಣೆ ಮಾಡಿ, ಎಲ್ಲರಿಗಿಂತ ಜೋರಾಗಿ ಘೋಷಣೆ ಕೂಗಿದೆ. ಗಂಟಲು ಹರಿದುಹೋಗುವಂತೆ ಕೂಗುತ್ತಿರುವಾಗಲೇ ಮಾಲಕರ ಕಾರು ಹೊರಬಂತು. ಎಲ್ಲರೂ ಎದ್ದು ಮುಷ್ಟಿಯೆತ್ತಿದರು. ನನ್ನ ಕೈಗಳೂ ಎದ್ದವು. ಆದರೆ ಅರ್ಧ ದಾರಿಯಲ್ಲಿ ಒಂದನ್ನೊಂದು ಕೂಡಿಕೊಂಡು ನಮಸ್ಕಾರವಾಗಿಬಿಟ್ಟವು. ಮಲ್ಲಿನಾಥ ನೋಡಿ, ನೋಡದವನಂತೆ ಮುಖ ತಿರುಗಿಸಿದ.

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು, ಸುಳ್ಳಲ್ಲ. ಆದರೆ ಮನೆ ಮುಟ್ಟುವತನಕ ನನ್ನನ್ನು ಕೊರೆದ ಚಿಂತೆಯೇ ಬೇರೆ: ಆ ಕಪ್ಪು ಗಾಜಿನಾಚೆಯಿಂದ ಮಾಲಕರಿಗೆ ನನ್ನ ನಮಸ್ಕಾರ ಕಂಡಿತೋ, ಇಲ್ಲವೋ?