ಬೆಲ್ಲದ ಕಡಾಯಿಯಲ್ಲಿ ನಾಲ್ಕು ದಿನ

ಯಾವುದಕ್ಕೆ ಅಂಜುತ್ತೇವೋ ಅಲ್ಲಿಗೇ ಆದೇಶ ಬರುತ್ತದೆ. ನಾಯಿ ಕಂಡರೆ ನಡುಗುವ ನಮ್ಮ ಗಣಿತದ ಮಾಸ್ತರರಿಗೆ ಮನೆಮನೆ ಸಮೀಕ್ಷೆಗೆಂದು ಸಿಕ್ಕಿದ್ದು ಬೀದರಿನಲ್ಲಿ ನಾಯಿಗಳಿಗೇ ಹೆಸರಾದ ಓಣಿ. ನಾನು ಅದೇ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವವನು, ಈಜು ಬಾರದವನು. ನನಗೆ ಸಿಕ್ಕಿದ್ದು ಭಾಲ್ಕಿ ತಾಲೂಕಿನ ಹಿನ್ನೀರಿನ ನಡುವಿನ ದಿನ್ನೆ. ಅಣೆಕಟ್ಟು ಕಟ್ಟಿದಾಗ ಊರು ಮುಳುಗಿತು, ದಿನ್ನೆಯ ಮೇಲಿನ ಹನ್ನೊಂದು ಮನೆ ಉಳಿದವು. ನಾಲ್ಕು ದಿನದಲ್ಲಿ ಮುಗಿಸದಿದ್ದರೆ ನೋಟಿಸು. ನಾನೇ ಮುಳುಗಿದರೆ ಏನು ಎಂಬುದು ಆದೇಶದಲ್ಲಿ ಇರಲಿಲ್ಲ.

೧. ವಾಹನ

ಖಟಕ ಚಿಂಚೋಳಿಯ ಬಸ್ಸಿನಿಂದ ನಡುವೆ ಇಳಿದು, ತೊಗರಿ ಹೊಲ ದಾಟಿ ದಂಡೆಗೆ ಬಂದೆ. ದೋಣಿ ಕಾಣಲಿಲ್ಲ. ಒಂದು ದೊಡ್ಡ ಕಬ್ಬಿಣದ ಕಡಾಯಿ ನೀರಲ್ಲಿ ತೇಲುತ್ತಿತ್ತು. ಪಕ್ಕದಲ್ಲಿ ಅರವತ್ತರ ಆಸುಪಾಸಿನ ಒಬ್ಬರು ನಿಂತಿದ್ದರು. ಊರಿಗೆಲ್ಲ ಅವರು ಕಾಕಾ.

"ಇದು ಬೆಲ್ಲ ಕಾಸೋ ಕಡಾಯಿ ಅಲ್ಲೇನ್ರಿ?" ಎಂದೆ.

"ಹೌದ್ರಿ ಸರ. ಕಬ್ಬು ಕಡಿದಾಗ ಬೆಲ್ಲ, ಉಳದ ದಿನ ಮಂದಿ."

ಈ ದಂಡೆಯಿಂದ ಆ ದಂಡೆಗೆ ಹಗ್ಗ ಕಟ್ಟಿತ್ತು. ಕಾಕಾ ಅದನ್ನು ಹಿಡಿದು ಜಗ್ಗುತ್ತಿದ್ದರು, ಕಡಾಯಿ ತಿರುಗುತ್ತ ಸಾಗುತ್ತಿತ್ತು. ಗುಂಡಗಿನ ಪಾತ್ರೆಗೆ ಹಿಂದು ಮುಂದು ಇರುವುದಿಲ್ಲ. ಎರಡು ಸುತ್ತಿನಲ್ಲಿ ನನಗೂ ಉಳಿಯಲಿಲ್ಲ.

"ಕಾಕಾ, ನಿಮಗ ಈಜು ಬರ್ತದಲ್ರಿ?"

"ಇಲ್ರಿ."

"ಮತ್ತ ಊರಾಗ ಯಾರಿಗೆ ಬರ್ತದ?"

"ಯಾರಿಗೂ ಇಲ್ರಿ. ಒಬ್ಬಾಂವ ಕಲ್ತಿದ್ದ. ಇಲ್ಲೀತನಕ ಬಿದ್ದಾಂವ ಅಂವಾ ಒಬ್ಬನೇ."

೨. ಬೇವಿನ ಗಿಡ

ನಾನು ಕಡಾಯಿ ಹತ್ತುವ ಕಡೆಯ ದಂಡೆಯಲ್ಲೊಂದು ಬೇವಿನ ಗಿಡ. ಟೊಂಗೆಗಳಲ್ಲಿ ಟವೆಲು, ಬಾಚಣಿಗೆ, ಖಾಲಿ ಟಿಫಿನ್ ಡಬ್ಬಿ ತೂಗಾಡುತ್ತಿದ್ದವು. ಅರ್ಥವಾಗಲಿಲ್ಲ. ಕಡಾಯಿಯ ಒಡತಿ, ದಿನ್ನೆಯಿಂದ ದಿನವೂ ಅದರ ಜೊತೆಗೇ ಬರುವ, ಎಲ್ಲರೂ ಆಯಿ ಎನ್ನುವ ಮುದುಕಿ, ವಿವರಿಸಿದರು. ಔರಾದ ಕಡೆಯಿಂದ ಮದುವೆಯಾಗಿ ಬಂದವರು. ಮಾತಿಗೆ ಮರಾಠಿಯ ಒಗ್ಗರಣೆ, ದನಿಗೆ ಹೆಡ್‌ಮಾಸ್ತರರ ಗತ್ತು.

"ನೀರಿಗೆ ಇಳಿಯೋಕ ಮೊದಲ ನಿಮ್ದು ಏನರೆ ಒಂದು ಇಲ್ಲಿ ಬಿಡ್ರಿ ಮಾಸ್ತರ. ಅದನ್ನ ತಗೊಳ್ಳಾಕರೆ ತಿರುಗಿ ಬರ್ತೀರಿ."

ಮೊದಲ ದಿನ ನಾನು ಒಪ್ಪಲಿಲ್ಲ. ತೇಲುವುದಕ್ಕೂ ಬಾಚಣಿಗೆಗೂ ಸಂಬಂಧವಿಲ್ಲ, ತೇಲುವಿಕೆಗೆ ನಿಯಮವಿದೆ ಎಂದು ಹತ್ತು ನಿಮಿಷ ಪಾಠ ಮಾಡಿದೆ. ಆಯಿ ಪೂರ್ತಿ ಕೇಳಿ, "ಆ ನಿಯಮ ಕಡಾಯಿಗಿ ಗೊತ್ತದೇನ್ರಿ?" ಎಂದರು.

ಎರಡನೇ ದಿನ, ಯಾರ ಮನಸ್ಸೂ ನೋಯದಿರಲೆಂದು, ಒಂದು ಪೆನ್ನು ಬಿಟ್ಟೆ.

ಮೂರನೇ ದಿನ ಗಾಳಿ ಇತ್ತು. ಪೆನ್ನು, ಕರವಸ್ತ್ರ, ಛತ್ರಿ, ರೊಟ್ಟಿಯ ಬುತ್ತಿ, ಎರಡೂ ಚಪ್ಪಲಿ ಬಿಟ್ಟೆ.

ಆಯಿ ಗಿಡವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಏನ್ ಮಾಸ್ತರ, ಮನಿ ಖಾಲಿ ಮಾಡ್ಲತ್ತೀರೇನು?"

೩. ನಡುನೀರಿನ ಕಚೇರಿ

ಸಮೀಕ್ಷೆಯ ಆ್ಯಪ್‌ನಲ್ಲಿ ಒಂದು ನಿಯಮ: ಮನೆಯ ಯಜಮಾನರ ಮೊಬೈಲಿಗೆ ಒಟಿಪಿ ಬರಬೇಕು, ಅದನ್ನು ನಾನು ಒತ್ತಬೇಕು. ದಿನ್ನೆಯ ಮೇಲೆ ನೆಟ್‌ವರ್ಕ್ ಇಲ್ಲ.

"ಎಲ್ಲಿ ಸಿಗ್ತದ್ರಿ?"

"ನಡುನೀರಾಗ," ಎಂದರು ಕಾಕಾ. "ಅಲ್ಲಿ ಪೂರಾ ಕಡ್ಡಿ ಬರ್ತಾವ."

ಹೀಗಾಗಿ ಮನೆಗೊಂದು ಸಲದಂತೆ ಯಜಮಾನರನ್ನು ಕಡಾಯಿಯಲ್ಲಿ ಕೂರಿಸಿಕೊಂಡು ನಡುನೀರಿಗೆ ಹೋಗುವುದು, ಕಾಕಾ ಹಗ್ಗ ಹಿಡಿದು ನಿಲ್ಲಿಸುವುದು, ನಾನು ಒಂದು ಕೈಯಲ್ಲಿ ಮೊಬೈಲು ಎತ್ತಿ ಇನ್ನೊಂದರಲ್ಲಿ ಕಡಾಯಿಯ ಅಂಚು ಹಿಡಿಯುವುದು. ಕಣ್ಣು ಮುಚ್ಚುತ್ತಿದ್ದೆ. ಆದರೆ ಒಟಿಪಿ ಒತ್ತಲು ಕಣ್ಣು ಬೇಕು.

ಆಯಿಯ ಸರದಿ ಬಂತು. ಅವರ ಮೊಬೈಲು ಟಿಣ್ ಎಂದಿತು. ಆಯಿ ಅದನ್ನು ಸೆರಗಿನೊಳಗೆ ಮುಚ್ಚಿಕೊಂಡರು.

"ಆಯಿ, ನಂಬರ ಹೇಳ್ರಿ."

"ಹೇಳಂಗಿಲ್ಲ."

"ಯಾಕ್ರಿ?"

"ಯಾರಿಗೂ ಹೇಳಬ್ಯಾಡ ಅಂತ ಬ್ಯಾಂಕಿನವ್ರು ಹೇಳ್ಯಾರ."

"ಇದು ಬ್ಯಾಂಕಿಂದಲ್ರಿ. ನಾ ಸರ್ಕಾರದಾಂವ!"

ಕಡಾಯಿ ಒಂದು ಬದಿಗೆ ವಾಲಿತು. ನಾನು ಕೂಗಿದೆ. ಆಯಿ ಅಲುಗಲಿಲ್ಲ.

"ಮೋಸ ಮಾಡವ್ರೂ ಮೊದಲ ಹಂಗೇ ಅಂತಾರಂತ. ಆಮ್ಯಾಲ ಹಿಂಗೇ ಚೀರ್ತಾರಂತ, ಲಗೂ ಹೇಳ್ರಿ, ಲಗೂ ಹೇಳ್ರಿ ಅಂತ."

ಆಯಿಯೊಬ್ಬರಿಗಾಗಿ ಮೂರು ಸಲ ನಡುನೀರಿಗೆ ಹೋದೆ.

೪. ಕೊನೆಯ ದಿನ

ನಾಲ್ಕನೇ ದಿನ ಮಧ್ಯಾಹ್ನಕ್ಕೆ ಹನ್ನೊಂದನೇ ಮನೆಯೂ ಮುಗಿಯಿತು. ನೋಟಿಸು ತಪ್ಪಿತು. ಇನ್ನು ಒಂದೇ ಒಂದು ಸಲ ದಾಟಿದರೆ ಜೀವವೂ ಉಳಿದಂತೆ. ದಂಡೆಗೆ ಬಂದೆ. ಹಗ್ಗ ಇತ್ತು. ಕಡಾಯಿ ಇರಲಿಲ್ಲ.

ಮನೆಗಳ ಹಿಂದೆ ಹೊಗೆ ಏಳುತ್ತಿತ್ತು. ಓಡಿದೆ. ಕಬ್ಬು ಅರೆಯುವ ಗಾಣ ನಡೆದಿತ್ತು. ನನ್ನ ವಾಹನ ಒಲೆಯ ಮೇಲೆ ಕುದಿಯುತ್ತಿತ್ತು.

"ಕಾಕಾ, ನಾ ಹ್ಯಾಂಗ ಹೋಗ್ಲಿ?"

"ಬೆಲ್ಲ ಇಳೀಲಿ ತಡೀರಿ ಸರ."

"ಯಾವಾಗ ಇಳೀತದ?"

"ಅದಕ್ಕ ಬೇಕಾದಾಗ್ರಿ."

ಗಾಳಿ ಜೋರಾಗುತ್ತಿತ್ತು. ಹೊತ್ತು ಇಳಿಯುತ್ತಿತ್ತು. ಆಚೆ ದಂಡೆಯ ಬೇವಿನ ಗಿಡದಲ್ಲಿ ನನ್ನ ಅರ್ಧ ಸಂಸಾರ ತೂಗಾಡುತ್ತಿತ್ತು. ನಾನು ಒಲೆಯಿಂದ ನೀರಿಗೆ, ನೀರಿನಿಂದ ಒಲೆಗೆ ಎಷ್ಟು ಸಲ ತಿರುಗಿದೆನೋ. ಬಿಸಿ ಬೆಲ್ಲ ಕೊಡಲು ಬಂದವರು ನನ್ನ ಮುಖ ನೋಡಿ ಹಿಂದೆ ಹೋದರು.

ಕಡೆಗೂ ಬೆಲ್ಲ ಇಳಿಯಿತು. ಕಡಾಯಿಯ ಬಿಸಿ ಮೈ ತಾಳುವಷ್ಟಾದ ಮೇಲೆ ಬಳೆಗಳಲ್ಲಿ ಬೊಂಬು ತೂರಿಸಿ ದಂಡೆಗೆ ಹೊತ್ತು ತಂದರು. ಆಯಿ ತೊಳೆಯಲು ಕೊಡ ಹಿಡಿದು ಬಂದರು.

"ತೊಳೀಬ್ಯಾಡ್ರಿ, ಕತ್ತಲಾಗ್ತದ!" ಎಂದೆ.

"ಅಂಟ್ತದ ಮಾಸ್ತರ."

"ಅಂಟಲಿ!"

ಕಾಕಾ ಕೂರಲು ಒಂದು ಒದ್ದೆ ಗೋಣಿಚೀಲ ಹಾಸಿಕೊಂಡರು. ನನಗೂ ಒಂದು ನೀಡಿದರು. ಪ್ಯಾಂಟು ಹಸಿಯಾಗುತ್ತದೆ ಎಂದು ಬೇಡವೆಂದೆ.

ನಡುನೀರಿನಲ್ಲಿ ಗಾಳಿ ಹೊಡೆಯಿತು. ಕಡಾಯಿ ಹಿಂದೆಂದೂ ವಾಲದಷ್ಟು ವಾಲಿತು. ಕಾಕಾ ಗೋಣಿಚೀಲದ ಸಮೇತ ಜಾರಿ ಅಂಚಿಗೆ ಹೋಗಿ ಹಗ್ಗಕ್ಕೆ ಜೋತುಬಿದ್ದರು. ನಾನು ಕೂತಲ್ಲಿಂದ ಕೂದಲೆಳೆಯಷ್ಟೂ ಸರಿಯಲಿಲ್ಲ. ಏಳಲು ನೋಡಿದೆ. ಆಗಲೂ ಸರಿಯಲಿಲ್ಲ. ತಳದ ಬೆಲ್ಲ ಆರಿ ಗಟ್ಟಿಯಾಗಿತ್ತು, ನನ್ನ ಸಮೇತ.

ಕಾಕಾ ಸಾವರಿಸಿಕೊಂಡು ನನ್ನನ್ನು ನೋಡಿದರು. ಈ ನಾಲ್ಕು ದಿನದಲ್ಲಿ ಮೊದಲ ಸಲ ಅವರ ಮುಖದಲ್ಲಿ ನನ್ನ ಬಗ್ಗೆ ಸಮಾಧಾನ ಕಂಡಿತು.

"ಇನ್ನ ಅಂಜಬ್ಯಾಡ್ರಿ ಸರ," ಎಂದರು. "ಇವತ್ತ ಕಡಾಯಿ ಬೋರಲಾದ್ರೂ ನೀವು ಬೀಳಂಗಿಲ್ಲ."

ಕಡಾಯಿ ಬೋರಲಾದರೆ ಅಂಟಿಕೊಂಡವನ ತಲೆ ಯಾವ ಕಡೆ ಇರುತ್ತದೆ ಎಂದು ಕಾಕಾ ಯೋಚಿಸಿರಲಿಲ್ಲ. ನಾನು ಭೌತಶಾಸ್ತ್ರದವನು, ಯೋಚಿಸಿದೆ.