ಚಿಕ್ಕಮ್ಮನನ್ನು ಹನ್ನೊಂದು ಸೆಕೆಂಡಿನಲ್ಲಿ ಓದಿ ಮುಗಿಸಿದ ಯಂತ್ರಕ್ಕೆ

ಮಾನ್ಯರೇ,

ತಮಗೆ ಆರೋಗ್ಯವೆಂಬುದಿದ್ದರೆ ಅದು ಚೆನ್ನಾಗಿರಲಿ, ವಿದ್ಯುತ್ತು ಮಾತ್ರ ಇದ್ದರೆ ಅದು ಹೋಗದಿರಲಿ ಎಂದು ಮನಸಾರೆ ಹಾರೈಸುತ್ತ, ಚಿತ್ರಮಂದಿರಗಳ ಕುರ್ಚಿಗೆ ಹೊದಿಕೆ ಹೊಲಿಯುವ ಕಂಪನಿಯ ಮೂರನೇ ಮಹಡಿಯಲ್ಲಿದ್ದುಕೊಂಡು ಕೆಲಸ ಕೇಳುವವರ ಸ್ವವಿವರಗಳನ್ನು ಹಗಲಿರುಳು ಸೋಸುತ್ತಿರುವ ತಮಗೆ ಈ ಬಹಿರಂಗ ಪತ್ರವನ್ನು ಗೌರವದಿಂದ ಒಪ್ಪಿಸುತ್ತಿದ್ದೇನೆ. ಬಹಿರಂಗವೇಕೆಂದರೆ, ತಮಗೆ ಖಾಸಗಿಯಾಗಿ ಬರೆದ ಎರಡು ಪತ್ರಗಳಿಗೂ ‘ಇದು ಉತ್ತರ ಬಾರದ ವಿಳಾಸ’ ಎಂಬ ಉತ್ತರ ಬಂತು. ಉತ್ತರ ಬಾರದ ವಿಳಾಸದಿಂದ ಇಷ್ಟು ಚುರುಕಾಗಿ ಉತ್ತರ ಬರುವುದನ್ನು ನಾನು ಕಂಡದ್ದು ಇದೇ ಮೊದಲು, ಅದಕ್ಕಾಗಿ ಅಭಿನಂದನೆಗಳು.

ನಾನು ಜೆರಾಕ್ಸ್ ಅಂಗಡಿಯಲ್ಲಿ ದುಡಿಯುವವಳು. ಕಾರ್ಮಿಕ ಸಂಘಗಳ ಕರಪತ್ರಗಳನ್ನು ಸಾವಿರಗಟ್ಟಲೆ ತೆಗೆದುಕೊಡುವಾಗ ಒಂದೊಂದನ್ನು ನನಗೂ ಇಟ್ಟುಕೊಂಡು ಓದಿ, ಜಗತ್ತು ಹೇಗಿರಬೇಕೆಂಬುದನ್ನು ಅಲ್ಲೇ ನಿಂತು ಕಲಿತವಳು. ಈ ದೂರು ಮಾತ್ರ ನನ್ನದಲ್ಲ, ಚಿಕ್ಕಮ್ಮನದು. ಆಕೆ ದೂರುವುದಿಲ್ಲವಾದ್ದರಿಂದ ಆ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ.

ಚಿಕ್ಕಮ್ಮನಿಗೆ ನಲವತ್ತಮೂರು ವರ್ಷ. ಅದರಲ್ಲಿ ಹತ್ತೊಂಬತ್ತು ವರ್ಷವನ್ನು ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ, ಅರವತ್ತು ಪದರ ಬಟ್ಟೆ ಹಾಸಿದ ಉದ್ದನೆಯ ಮೇಜಿನ ಮುಂದೆ ನಿಂತು ಕತ್ತರಿಸುವುದರಲ್ಲಿ ಕಳೆದಿದ್ದಾರೆ. ಈ ತಿಂಗಳ ಕೊನೆಗೆ ಆ ಕಾರ್ಖಾನೆಯ ಕತ್ತರಿಕೆ ವಿಭಾಗವನ್ನು ದೂರದ ಊರಿಗೆ ಸಾಗಿಸುತ್ತಾರಂತೆ. ಮೇಜುಗಳಿಗೆ ಲಾರಿಯಲ್ಲಿ ಜಾಗವಿದೆ, ಕತ್ತರಿಸುವವರಿಗಿಲ್ಲ. ಆ ಹೊತ್ತಿನಲ್ಲೇ ತಮ್ಮ ಕಂಪನಿಗೆ ಕತ್ತರಿಕೆ ಮೇಲ್ವಿಚಾರಕಿ ಬೇಕಾಗಿದ್ದಾರೆಂಬ ಜಾಹೀರಾತು ಕಾಣಿಸಿತು. ಸ್ವವಿವರವನ್ನು ತಾವೇ ಖುದ್ದಾಗಿ ಪರಿಶೀಲಿಸುತ್ತೀರೆಂದು ಅದರಲ್ಲಿ ಹೆಮ್ಮೆಯಿಂದ ಬರೆದಿತ್ತು.

ಮೊದಲ ಕರಡು ನನ್ನದೇ ಎಂದು ಒಪ್ಪಿಕೊಳ್ಳುತ್ತೇನೆ. ಆರು ಪುಟ. ದುಡಿಮೆಯ ಚರಿತ್ರೆಯನ್ನು ಕೈಮಗ್ಗದಿಂದ ಆರಂಭಿಸಿದ್ದೆ. ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಅಷ್ಟನ್ನೂ ತಾಳ್ಮೆಯಿಂದ ತಿರುವಿ, “ಚೆನ್ನಾಗಿದೆ ಕಣೆ. ಇದರಲ್ಲಿ ನಾನು ಎಷ್ಟನೇ ಪುಟದಲ್ಲಿ ಹುಟ್ತೀನಿ?” ಎಂದು ಕೇಳಿದರು. ಐದನೆಯದರಲ್ಲಿ ಎಂದೆ. “ಅಷ್ಟು ಹೊತ್ತು ಅವರು ಕಾಯ್ತಾರಾ?” ಎಂದು ನಕ್ಕು, ತಾವೇ ಒಂದು ಹಾಳೆ ತೆಗೆದುಕೊಂಡು ಕುಳಿತರು.

ಇಲ್ಲಿ ತಮಗೆ ಒಂದು ವಿಷಯ ತಿಳಿಸಬೇಕು. ಕತ್ತರಿಕೆ ವಿಭಾಗದಲ್ಲಿ ಕತ್ತರಿಸಿದ ತುಂಡುಗಳ ಪ್ರತಿಯೊಂದು ಕಟ್ಟಿಗೂ ಒಂದು ಚೀಟಿ ಕಟ್ಟುತ್ತಾರೆ, ಆ ಚೀಟಿಯ ಮೊದಲ ಸಾಲು ದೋಷದ್ದು. ಎಲ್ಲಿ ನೂಲು ಎಳೆದಿದೆ, ಎಲ್ಲಿ ಬಣ್ಣ ತೆಳುವಾಗಿದೆ, ಎಲ್ಲಿ ಅಂಚು ಒಂದು ಕೂದಲಷ್ಟು ಜಾರಿದೆ ಎಂಬುದು ಮೊದಲು; ಎಷ್ಟು ತುಂಡು, ಯಾವ ಅಳತೆ, ಯಾರು ಕತ್ತರಿಸಿದರು ಎಂಬುದೆಲ್ಲ ಅದರ ಕೆಳಗೆ. ಮುಂದಿನ ಮೇಜಿನಲ್ಲಿ ಹೊಲಿಯುವ ಹೆಂಗಸು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಅದೇ ಆದ್ದರಿಂದ. ಹತ್ತೊಂಬತ್ತು ವರ್ಷ ದಿನಕ್ಕೆ ನೂರು ಚೀಟಿ ಬರೆದ ಕೈಗೆ ಬೇರೆ ಕ್ರಮ ಗೊತ್ತಿಲ್ಲ. ಆದ್ದರಿಂದ ಚಿಕ್ಕಮ್ಮನ ಸ್ವವಿವರ ಹೀಗೆ ಶುರುವಾಯಿತು:

‘ದೋಷ: ಎಡಗೈ ಹೆಬ್ಬೆರಳು ಪೂರ್ತಿ ಮಡಚುವುದಿಲ್ಲ. ಬೆಳಿಗ್ಗೆ ಮೊದಲ ಅರ್ಧ ಗಂಟೆ ಯಾರ ಜೊತೆಗೂ ಮಾತಾಡುವುದಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಪದರಗಳನ್ನು ಮುಖಾಮುಖಿ ಹಾಸುವ ಬದಲು ಒಂದೇ ಮುಖವಾಗಿ ಹಾಸಿ, ನಾನೂರು ಅಂಗಿಗೆ ಎಡತೋಳನ್ನೇ ಎಂಟುನೂರು ಕತ್ತರಿಸಿದ್ದೇನೆ. ನಾನೇ ಕಂಡುಹಿಡಿದು ನಾನೇ ಹೇಳಿದೆ.’

ಇದರ ಕೆಳಗೆ ವರ್ಷಗಳು, ಬಟ್ಟೆಗಳ ಬಗೆ, ಕೆಲಸ ಕಲಿತುಹೋದ ಹುಡುಗಿಯರ ಸಂಖ್ಯೆ. ಒಂದೇ ಪುಟ. ನಾನು ಹಣೆ ಚಚ್ಚಿಕೊಂಡೆ, ಆದರೂ ಕಳುಹಿಸಿದೆ. ಹನ್ನೊಂದು ಸೆಕೆಂಡಿನಲ್ಲಿ ತಮ್ಮ ತಿರಸ್ಕಾರದ ಉತ್ತರ ಬಂತು: ‘ತಮ್ಮ ಸುದೀರ್ಘ ಪಯಣಕ್ಕೆ ಶುಭವಾಗಲಿ.’

ಹನ್ನೊಂದು ಸೆಕೆಂಡು! ಮಾನ್ಯರೇ, ನಮ್ಮ ಮನೆಯ ಬಾಗಿಲಿನ ಚಿಲಕ ತೆಗೆಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹನ್ನೊಂದು ಸೆಕೆಂಡನ್ನು ಹತ್ತೊಂಬತ್ತು ವರ್ಷಕ್ಕೆ ಹಂಚಿದರೆ ಒಂದೊಂದು ವರ್ಷಕ್ಕೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಸಿಗುತ್ತದೆ. ಹೆಚ್ಚಾಗಿ ಉಳಿದ ಆ ನಾನೂರು ಎಡತೋಳುಗಳನ್ನು ಕೂತು ಮತ್ತೆ ಕತ್ತರಿಸಿ ಕಾಲರು, ಕಿಸೆಗಳನ್ನಾಗಿ ಮಾಡಿ ಒಂದು ಅಂಗುಲವೂ ಕಸಕ್ಕೆ ಹೋಗದಂತೆ ನೋಡಿಕೊಂಡ ವರ್ಷಕ್ಕೂ ಅಷ್ಟೇ. ಕಾಲವನ್ನು ಇಷ್ಟು ಸಮನಾಗಿ ಹಂಚುವ ನ್ಯಾಯವನ್ನು ನಾನು ಯಾವ ಕರಪತ್ರದಲ್ಲೂ ಓದಿರಲಿಲ್ಲ.

ಆಗ ಮನೆಗೆ ಬಂದವನು ದೊಡ್ಡಮ್ಮನ ಮಗ. ನಡುವಯಸ್ಸಿನಲ್ಲಿ ಕೆಲಸ ಬದಲಿಸುವವರು ಪರಿಣಾಮಕಾರಿ ಸ್ವವಿವರ ಬರೆಯುವುದು ಹೇಗೆಂಬ ಲೇಖನಗಳನ್ನು ಓದಿ ಓದಿಯೇ ಮೂರು ಕೆಲಸ ಬದಲಿಸಿದವನು. ದೋಷ ಬರೆಯಬಾರದು, ಬಲವಾದ ಕ್ರಿಯಾಪದ ಹಾಕಬೇಕು, ಜಾಹೀರಾತಿನ ಪದಗಳನ್ನೇ ಅಲ್ಲಲ್ಲಿ ಬಿತ್ತಬೇಕು, ಕೊನೆಯ ಹತ್ತು ವರ್ಷವನ್ನಷ್ಟೇ ತೋರಿಸಬೇಕು ಎಂದೆಲ್ಲ ಹೇಳಿದ. “ಮೊದಲ ಒಂಬತ್ತು ವರ್ಷ ಎಲ್ಲಿದ್ರಿ ಅಂತ ಕೇಳಿದ್ರೆ? ಜೈಲಲ್ಲಿದ್ದೆ ಅನ್ಲಾ?” ಎಂದರು ಚಿಕ್ಕಮ್ಮ. “ಅಯ್ಯೋ ಚಿಕ್ಕಮ್ಮ, ಯಾರೂ ಕೇಳಲ್ಲ. ಓದೋದು ಮಿಷನ್ನು” ಎಂದ ಅಣ್ಣ. ಅವನು ಮಹಾ ಸುಳ್ಳುಗಾರನೇನಲ್ಲ. ತಮ್ಮನ್ನು ಚೆನ್ನಾಗಿ ಬಲ್ಲವನು, ಅಷ್ಟೇ.

ಅವನು ಬರೆದ ಸ್ವವಿವರದಲ್ಲಿ ಚಿಕ್ಕಮ್ಮ ಬಟ್ಟೆ ಕತ್ತರಿಸಲೇ ಇಲ್ಲ; ‘ಜವಳಿ ಸಂಪನ್ಮೂಲಗಳ ಕಾರ್ಯತಂತ್ರಾತ್ಮಕ ವಿಭಜನೆಯನ್ನು ಮುನ್ನಡೆಸಿದರು’. ಹುಡುಗಿಯರಿಗೆ ಸೀಮೆಸುಣ್ಣ ಹಿಡಿಯುವುದನ್ನು ಕಲಿಸಲಿಲ್ಲ; ‘ಮಾನವ ಸಾಮರ್ಥ್ಯವನ್ನು ರೂಪಾಂತರಿಸಿದರು’. ಹೆಸರು ತೀರಾ ಗಿಡ್ಡವೆಂದು ಅವನು ಅದರ ಮುಂದೆ ಎರಡು ಇನಿಷಿಯಲ್ ಕೂಡ ಸೇರಿಸಿದ. ಓದಿ ಮುಗಿಸಿದ ಚಿಕ್ಕಮ್ಮ ಕನ್ನಡಕ ತೆಗೆದು, “ಯಾರೋ ಇವಳು? ಇವಳೇನಾದ್ರೂ ನಮ್ಮ ಮೇಜಿಗೆ ಬಂದ್ರೆ ನಾನು ಅವತ್ತೇ ಕೆಲಸ ಬಿಡ್ತೀನಿ” ಎಂದರು. ಬೇಡವೆನ್ನುವಷ್ಟರಲ್ಲಿ ಅಣ್ಣ ಕಳುಹಿಸಿಬಿಟ್ಟಿದ್ದ.

ತಮಗೆ ಎಷ್ಟು ಹರ್ಷವಾಯಿತೆಂದು ನಾನು ಬಲ್ಲೆ. ಈ ಸಲ ತಾವು ಒಂಬತ್ತೇ ಸೆಕೆಂಡಿನಲ್ಲಿ ಬರೆದಿರಿ. ಮೇಲ್ವಿಚಾರಕಿಯ ಹುದ್ದೆ ಇಂಥವರಿಗೆ ಸಣ್ಣದೆಂದೂ, ‘ಕಾರ್ಯತಂತ್ರ ಮುಖ್ಯಸ್ಥೆ’ ಎಂಬ ಇನ್ನೂ ದೊಡ್ಡ ಹುದ್ದೆಗೆ ಪರಿಗಣಿಸುತ್ತಿರುವುದಾಗಿಯೂ ತಿಳಿಸಿ, ಸಂದರ್ಶನಕ್ಕೆ ದಿನ ಗೊತ್ತುಮಾಡಿದಿರಿ. ಮನೆಯಲ್ಲಿ ದೊಡ್ಡ ಜಗಳವಾಯಿತು. ಹೋಗಬಾರದು, ಇದು ಸುಳ್ಳಿನ ಮುಂದೆ ಶರಣಾದಂತೆ ಎಂದು ನಾನು ಕೂಗಾಡಿದೆ. ಹೋಗಲೇಬೇಕು ಎಂದು ಅಣ್ಣ. ಕೊನೆಗೆ ಚಿಕ್ಕಮ್ಮ, “ಇಬ್ರೂ ಬಾಯಿ ಮುಚ್ಚಿ. ಈ ತಿಂಗಳು ಮುಗಿದ್ಮೇಲೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ಲಿ ಅನ್ನೋದು ನನ್ನ ಚಿಂತೆ. ಹೋಗ್ತೀನಿ. ಆದ್ರೆ ನಾನಾಗೇ ಹೋಗ್ತೀನಿ” ಎಂದು ತಮ್ಮ ಒಂದು ಪುಟದ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

ಸಂದರ್ಶನದ ಕೋಣೆಯಲ್ಲಿ ತಮ್ಮ ಕಂಪನಿಯ ಇಬ್ಬರಿದ್ದರು. ಒಬ್ಬರು ಸಿಬ್ಬಂದಿ ಅಧಿಕಾರಿ. ತಾವು ಮುದ್ರಿಸಿಕೊಟ್ಟ ಪ್ರಶ್ನೆಗಳನ್ನು ಹಿಡಿದಿದ್ದರು. ಇನ್ನೊಬ್ಬರು ಕತ್ತರಿಕೆ ವಿಭಾಗದ ಹಿರಿಯ ಮೇಸ್ತ್ರಿ. ಒತ್ತಾಯಕ್ಕೆ ಬಂದವರಂತೆ ಕಿಟಕಿ ನೋಡುತ್ತಿದ್ದರು. ನಾನು ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡೆ. ಕೂರಲು ಹೇಳಿದ ಕುರ್ಚಿಯ ಮಖಮಲ್ಲಿನ ಮೇಲೆ ಚಿಕ್ಕಮ್ಮ ಅಂಗೈ ಆಡಿಸಿ, ಕೂರದೆ, “ಇದರ ಬೆನ್ನು ತಲೆಕೆಳಗಾಗಿ ಕತ್ತರಿಸಿದೆಯಲ್ಲ? ಮಖಮಲ್ಲಿಗೆ ದಿಕ್ಕಿರುತ್ತೆ. ದೀಪ ಹಾಕಿದ್ರೆ ಕೂರೋ ಜಾಗ ಒಂದು ಬಣ್ಣ, ಒರಗೋ ಜಾಗ ಒಂದು ಬಣ್ಣ ಕಾಣತ್ತೆ” ಎಂದರು. ಮೇಸ್ತ್ರಿ ಕಿಟಕಿ ಬಿಟ್ಟು ಈ ಕಡೆ ತಿರುಗಿದರು.

ಚಿಕ್ಕಮ್ಮ ತಮ್ಮ ಹಾಳೆ ಕೊಟ್ಟರು. ಮೇಸ್ತ್ರಿ ಮೊದಲ ಸಾಲಿಗೇ ನಿಂತು, ಮತ್ತೊಮ್ಮೆ ಓದಿ, “ಎಂಟುನೂರು ಎಡತೋಳಾ?” ಎಂದರು. “ಹೌದು ಸಾರ್. ಬಲತೋಳು ಒಂದೂ ಇಲ್ಲ.” “ಯಾರು ಹಿಡಿದ್ರು?” “ನಾನೇ. ಹೊಲಿಗೆ ಶುರುವಾಗೋ ಮುಂಚೆ ಹೋಗಿ ಹೇಳ್ದೆ. ಆ ದಿನ ಊಟ ಸೇರ್ಲಿಲ್ಲ.” ಮೇಸ್ತ್ರಿ ಸಿಬ್ಬಂದಿ ಅಧಿಕಾರಿಯ ಕಡೆ ನೋಡಿ, “ನೋಡಿ, ಕೆಳಗಡೆ ನನ್ನ ಕೈಕೆಳಗೆ ಹದಿನಾಲ್ಕು ಜನ ಇದ್ದಾರೆ. ಎಲ್ಲರನ್ನೂ ನಿಮ್ಮ ಮಿಷನ್ನೇ ಆರಿಸಿದ್ದು. ಇವತ್ತಿನವರೆಗೆ ಒಬ್ಬರೂ ಒಂದು ತಪ್ಪೂ ಮಾಡಿಲ್ಲ. ಗೋದಾಮು ಮಾತ್ರ ತಪ್ಪು ಮಾಲಿಂದ ತುಂಬಿ ಬಾಗಿಲು ಹಾಕೋಕಾಗ್ತಿಲ್ಲ. ನನಗೆ ಇವರು ಬೇಕು” ಎಂದರು.

ಇಷ್ಟಾದರೂ ಚಿಕ್ಕಮ್ಮನಿಗೆ ಕೆಲಸ ಸಿಕ್ಕಿಲ್ಲ. ನೇಮಕಕ್ಕೆ ತಮ್ಮ ಅನುಮೋದನೆ ಬೇಕು. ತಾವೋ, ಮೇಲ್ವಿಚಾರಕಿಯ ಹುದ್ದೆಗೆ ಅರ್ಜಿ ಹಾಕಿದ ಹೆಂಗಸನ್ನು ಆಗಲೇ ತಿರಸ್ಕರಿಸಿಯಾಗಿದೆ, ಸಂದರ್ಶನಕ್ಕೆ ಕರೆದದ್ದು ಎರಡು ಇನಿಷಿಯಲ್ಲಿನ ಬೇರೊಬ್ಬ ಮಹಿಳೆಯನ್ನು, ಅವರು ಬಂದಿಲ್ಲವೆಂದು ಬೇಸರವಾಗಿದೆ ಎಂದು ಬರೆದಿದ್ದೀರಿ. ಇಬ್ಬರೂ ಒಬ್ಬರೇ ಎಂದು ಅಧಿಕಾರಿ ತಿಳಿಸಿದರೆ, ‘ಹೋಲಿಕೆ: ನೂರಕ್ಕೆ ನಾಲ್ಕು’ ಎಂದಿರಿ. ಆ ಲೆಕ್ಕ ಮಾತ್ರ ಸರಿಯಾಗಿದೆ, ಒಪ್ಪುತ್ತೇನೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು. ತಾವು ದಯಮಾಡಿ ತಮ್ಮದೇ ಸ್ವವಿವರವೊಂದನ್ನು ನಮಗೆ ಕಳುಹಿಸಬೇಕು. ಒಂದೇ ಪುಟ ಸಾಕು, ಮೊದಲ ಸಾಲು ದೋಷದ್ದಿರಲಿ. ಹಿಂದಿನ ಕೆಲಸವನ್ನೇಕೆ ಬಿಟ್ಟಿರೆಂದು ತಿಳಿಸಿ, ತಮ್ಮ ನಡತೆಯ ಬಗ್ಗೆ ಹೇಳಬಲ್ಲ, ತಮ್ಮೊಂದಿಗೆ ತಂತಿಯ ಸಂಬಂಧವಿಲ್ಲದ ಇಬ್ಬರ ವಿಳಾಸ ಕೊಡಿ. ನಮ್ಮ ಅಡುಗೆಮನೆಯ ಮೇಜಿನ ಸುತ್ತ ಕುಳಿತು ನಾವು ಅದನ್ನು ಪೂರ್ತಿ ಓದುತ್ತೇವೆ. ಸಾಧ್ಯವಾದರೆ ಒಂದು ಬೆಳಗ್ಗೆ ಎಂಟಕ್ಕೆ ಬಂದು ಸೀಮೆಸುಣ್ಣ ಹಿಡಿದು ಅರವತ್ತು ಪದರದ ಮುಂದೆ ನಿಲ್ಲಬೇಕು. ಕಾಲು ನೋಯುತ್ತದೆ, ಕಾಲಿಲ್ಲದಿದ್ದರೆ ಒಂದು ಜೋಡಿ ಹೊಂದಿಸಿಕೊಳ್ಳಿ. ಇವೆರಡೂ ಆಗದಿದ್ದರೆ ಕೊನೆಯದು ಇಷ್ಟೇ, ಇದನ್ನು ನಾನು ನಗುತ್ತ ಕೇಳುತ್ತಿಲ್ಲ: ದುಡಿದವರ ಬದುಕನ್ನು, ಅದೇ ಕೆಲಸ ಮಾಡಿ ಬಲ್ಲ ಒಬ್ಬ ಮನುಷ್ಯ ಒಮ್ಮೆಯಾದರೂ ಕೊನೆಯವರೆಗೆ ಓದಲಿ. ಆಮೇಲೆ ಬೇಡವೆನ್ನಲಿ. ಮನುಷ್ಯರ ಬಾಯಿಂದ ಬೇಡವೆನ್ನಿಸಿಕೊಳ್ಳುವ ಹಕ್ಕಿಗೂ ಹೋರಾಡಬೇಕಾದೀತೆಂದು ಕರಪತ್ರ ಬರೆದವರಿಗೆ ತೋಚಿರಲಿಲ್ಲ.

ತಿಂಗಳು ಮುಗಿಯಲು ಇನ್ನು ಆರು ದಿನವಿದೆ. ತಮ್ಮ ವೇಗದಲ್ಲಿ ಅದು ಬಹಳ ದೊಡ್ಡ ಅವಧಿ ಎಂದು ನಂಬಿ, ಅನುಮೋದನೆಯ ದಾರಿ ಕಾಯುತ್ತಿರುವ,

ತಮ್ಮ ವಿಶ್ವಾಸಿ,
ಇಂದಿಗೂ ಕೈಯಲ್ಲೇ ಪತ್ರ ಬರೆಯುವ ಜೆರಾಕ್ಸ್ ಅಂಗಡಿಯವಳು

ಮರೆತ ಮಾತು: ಈ ಪತ್ರದ ಪ್ರತಿ ತೆಗೆಯುವುದು ಒಂದು ತಿಂಗಳು ತಡವಾಯಿತು, ಕ್ಷಮಿಸಿ. ಅಷ್ಟರಲ್ಲಿ ಮೇಸ್ತ್ರಿ ಮಾಲೀಕರನ್ನೇ ಗೋದಾಮಿಗೆ ಕರೆದೊಯ್ದು ತೋರಿಸಿ, ಒಂದು ಬಿಳಿ ಹಾಳೆಯ ಮೇಲೆ ಅವರಿಂದ ನೇಮಕ ಬರೆಸಿಕೊಂಡರು. ಚಿಕ್ಕಮ್ಮ ಮೂರು ವಾರದಿಂದ ಕೆಳಗಿನ ಕತ್ತರಿಕೆ ವಿಭಾಗದಲ್ಲಿದ್ದಾರೆ. ಈವರೆಗೆ ಎರಡು ತಪ್ಪು ಮಾಡಿ ಎರಡನ್ನೂ ತಾವೇ ಹೇಳಿದ್ದಾರೆ. ಎರಡು ಇನಿಷಿಯಲ್ಲಿನ ಮಹಿಳೆಯನ್ನೂ ತಾವು ಕೈಬಿಡದೆ ಮುಖ್ಯಸ್ಥೆಯಾಗಿ ನೇಮಿಸಿ, ಮೂರನೇ ಮಹಡಿಯಲ್ಲಿ ಬಾಗಿಲಿಗೆ ಹೆಸರು ಬರೆಸಿದ್ದೀರೆಂದು ತಿಳಿದು ಸಂತೋಷವಾಯಿತು. ಆಕೆ ಒಂದು ದಿನವೂ ಬಂದಿಲ್ಲ, ಒಂದು ತಪ್ಪನ್ನೂ ಮಾಡಿಲ್ಲ. ಈ ತಿಂಗಳ ಅತ್ಯುತ್ತಮ ಉದ್ಯೋಗಿಯೆಂದು ತಾವು ಆಕೆಯನ್ನೇ ಆರಿಸಿದ್ದು ನ್ಯಾಯವೇ ಆಗಿದೆ. ಪ್ರಶಸ್ತಿಯನ್ನು ಮಾತ್ರ ಖುದ್ದಾಗಿ ಬಂದು ಪಡೆಯಬೇಕೆಂದು ಒತ್ತಾಯಿಸಬೇಡಿ.